ಬೇರೆ ಭಾಷೆಯ ಸಾಲು

ಪ್ರವಚನದ ಫಾದರ್ ಊರಿನಿಂದ ಬರುವ ಹಿಂದಿನ ದಿನ, ಗುರುವಾರ ಸಂಜೆ, ನನ್ನ ಗಂಡ ಐದು ಶರ್ಟುಗಳಿಗೆ ಇಸ್ತ್ರಿ ಹಾಕಿದರು. ಭಾನುವಾರದಿಂದ ಗುರುವಾರದವರೆಗೆ ದಿನಕ್ಕೊಂದು. ಮೊದಲು ಕಾಲರ್, ಅದೂ ಒಳಮೈಯಿಂದ, ಆಮೇಲೆ ತೋಳು, ಕೊನೆಗೆ ಬೆನ್ನು. ನಾನು ಅಡಿಗೆಕೋಣೆಯಲ್ಲಿ ಬಂಗುಡೆ ತೊಳೆಯುತ್ತಿದ್ದೆ. ಮೇಲಿನ ಮನೆಯ ಎಸಿಯ ನೀರು ನಮ್ಮ ಬಾಲ್ಕನಿಗೆ ತೊಟ್ಟಿಕ್ಕುವ ವಿಷಯ ಮಾತಾಡಿದೆವು. ವಾಚ್‌ಮನ್‌ಗೆ ಮೂರು ಸಲ ಹೇಳಿ ಆಯಿತು ಎಂದು ನಾನು ಹೇಳಿದೆ. ನಾಲ್ಕನೇ ಸಲ ನಾನೇ ಹೇಳುತ್ತೇನೆ ಎಂದು ಅವರು ಹೇಳಿದರು. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರು. ಅದಕ್ಕೆ ದಿನಾ ನಾನು ಆಡುವ ಮಾತನ್ನು ಆ ದಿನವೂ ಆಡಿದೆ. ಅವರು ದಿನಾ ನಗುವ ಹಾಗೆ ನಕ್ಕರು.

ನಮ್ಮ ಕೊನೆಯ ಸಾಧಾರಣ ದಿನ ಅದು. ಶನಿವಾರದಿಂದ ಅವರ ಮೇಲೆ ನನಗೆ ಸಂಶಯ ಶುರುವಾಯಿತು. ಅದಾಗಿ ಎರಡು ವಾರ ತುಂಬುವ ಮೊದಲೇ ಅವರು ತೀರಿಕೊಂಡರು.

ನಾವು ಉಡುಪಿ ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಪ್ರಾರ್ಥನೆ ಕೊಂಕಣಿಯಲ್ಲಿ ಬರುತ್ತದೆ, ಬರೆಯುವುದು ಕನ್ನಡದಲ್ಲಿ ಮಾತ್ರ ಬರುತ್ತದೆ. ಇಲ್ಲಿ ನಾವು ಆಡಿದ ಮಾತುಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮನೆ ದೋಹಾ ನಗರದ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ. ನಾನು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಅವರು ಮುಶೈರಿಬ್‌ನ ಒಂದು ಕಟ್ಟಡ ಕಂಪನಿಯಲ್ಲಿ, ಸಿಬ್ಬಂದಿ ವಿಭಾಗದಲ್ಲಿ. ನಮಗೆ ಮಕ್ಕಳಿಲ್ಲ.

ಅವರನ್ನು ದೋಹಾಕ್ಕೆ ಕರೆಸಿದ್ದು ನನ್ನ ಅಣ್ಣ. ಅಣ್ಣ ಆಗ ಅದೇ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಇಬ್ಬರೂ ಒಂದೇ ವ್ಯಾನಿನಲ್ಲಿ ಕೆಲಸಕ್ಕೆ ಹೋದರು, ಒಂದೇ ಡಬ್ಬಿಯ ಉಪ್ಪಿನಕಾಯಿ ತಿಂದರು. ಆಮೇಲೆ ಕಂಪನಿ ಕೆಲವರನ್ನು ತೆಗೆಯಿತು. ತೆಗೆಯುವವರ ಪಟ್ಟಿ ಸಿಬ್ಬಂದಿ ವಿಭಾಗದಲ್ಲಿ ತಯಾರಾಯಿತು. ಅದರಲ್ಲಿ ಅಣ್ಣನ ಹೆಸರಿತ್ತು. ಕಾಗದ ಕೈಗೆ ಬಂದ ಸಂಜೆ ಅಣ್ಣ ನಮ್ಮ ಮನೆಗೆ ಬಂದು, ನಿಂತುಕೊಂಡೇ, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದ. ಪಟ್ಟಿ ಮಾಡುವುದು ಮ್ಯಾನೇಜರ್ ಎಂದು ನನ್ನ ಗಂಡ ಹೇಳಿದರು. ಅಣ್ಣ ಕೇಳಿದ್ದು ಅದನ್ನಲ್ಲ. ಇನ್ನೊಂದು ಸಲ ಕೇಳಿದ. ನನ್ನ ಗಂಡ ಅದೇ ಉತ್ತರ ಕೊಟ್ಟರು. ಅಣ್ಣ ಹೋದ.

ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಬೇರೆ ಮನೆಗೂ ಹೋದ, ಎಲ್ಲಿಗೆ ಎಂದು ನಾನು ವಿಚಾರಿಸಲಿಲ್ಲ. ಆ ಮೇಲೆ ಏಳು ವರ್ಷ ಮಾತಿಲ್ಲ. ಇಗರ್ಜಿಯಲ್ಲಿ ಅಣ್ಣನ ಮನೆಯವರು ಬೆಳಗಿನ ಪೂಜೆಗೆ, ನಾವು ಸಂಜೆಯ ಪೂಜೆಗೆ. ಯಾರೂ ಹೀಗೆ ಎಂದು ತೀರ್ಮಾನ ಮಾಡಿದ್ದಲ್ಲ. ನಿಜವಾಗಿ ನಿಮಗೆ ಗೊತ್ತಿತ್ತಾ ಎಂದು ಒಂದು ಸಲ ನಾನೂ ಕೇಳಿದ್ದೆ. "ನೀನೂ ಅವನ ಹಾಗೇ ಕೇಳ್ತಿಯಲ್ಲ ಮಾರಾಯ್ತಿ" ಎಂದರು. ಆಮೇಲೆ ಕೇಳಲಿಲ್ಲ. ಕೇಳದಿದ್ದರೂ ಆ ಪ್ರಶ್ನೆ ಮನೆಯಲ್ಲೇ ಇತ್ತು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಊರಿನಿಂದ ಒಬ್ಬ ಫಾದರನ್ನು ಕರೆಸಿ ನಮ್ಮವರಿಗಾಗಿ ಎರಡು ದಿನದ ಧ್ಯಾನಕೂಟ ಮಾಡುವುದು ಇಲ್ಲಿಯ ರೂಢಿ. ಆ ವರ್ಷ ಬಂದವರು ಭಿಕ್ಷೆಯ ವ್ರತ ಹಿಡಿದ ಸನ್ಯಾಸಿಗಳ ಸಭೆಯವರು. ಶುಕ್ರವಾರ ಬೆಳಿಗ್ಗೆ ಇಗರ್ಜಿ ಕಾಂಪೌಂಡಿನ ಗೇಟಿನಲ್ಲಿ ನಮ್ಮ ಬ್ಯಾಗುಗಳನ್ನು ಸ್ಕ್ಯಾನ್ ಮಾಡಿಸಿ ಒಳಗೆ ಹೋಗುವಾಗ ಅವರು ಕಾರಿನಿಂದ ಇಳಿಯುತ್ತಿದ್ದರು. ಪ್ಯಾಂಟು, ಚೌಕಳಿ ಶರ್ಟು, ಚಕ್ರದ ಬ್ಯಾಗು. ಹತ್ತು ನಿಮಿಷ ಕಳೆದು ವೇದಿಕೆಗೆ ಬಂದಾಗ ಮೈತುಂಬ ಕಂದು ನಿಲುವಂಗಿ, ಸೊಂಟಕ್ಕೆ ಗಂಟು ಹಾಕಿದ ಬಿಳಿ ಹಗ್ಗ, ಕಾಲಿಗೆ ಬರೀ ಚಪ್ಪಲಿ. ಇಲ್ಲಿಯ ಕಾನೂನಿನಂತೆ ಈ ಬಟ್ಟೆ ಕಾಂಪೌಂಡಿನ ಹೊರಗೆ ಹಾಕುವಂತಿಲ್ಲ ಎಂದು ನನಗೆ ಗೊತ್ತಿದೆ. ಆದರೂ ವೇಷ ಬದಲಿಸಿದವರನ್ನು ಕಂಡ ಹಾಗೆ ಆಯಿತು. ಮಾತು ಚೆನ್ನಾಗಿ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ.

ಮಾತು ಚೆನ್ನಾಗಿಯೇ ಇತ್ತು. ಎಂಟು ನೂರು ವರ್ಷದ ಹಿಂದೆ ತಮ್ಮ ಸಭೆಯ ಹಿರಿಯರು ಇಟಲಿಯ ಪೇಟೆಗಳಿಗೆ ಹೋಗಿ ಪ್ರಾಯಶ್ಚಿತ್ತದ ಪ್ರವಚನ ಮಾಡುತ್ತಿದ್ದ ಕಥೆ ಹೇಳಿದರು. ಆ ಪೇಟೆಗಳು ಆಗ ಹೊಸದಾಗಿ ಬೆಳೆಯುತ್ತಿದ್ದವಂತೆ. ಹಳ್ಳಿ ಬಿಟ್ಟು ಕೆಲಸಕ್ಕೆ ಬಂದವರು, ಬಟ್ಟೆ ವ್ಯಾಪಾರದವರು, ಬಡ್ಡಿಗೆ ಕೊಡುವವರು, ಪಕ್ಕದ ಮನೆಯವರು ಯಾರೆಂದು ಗೊತ್ತಿಲ್ಲದವರು. "ಸ್ವಲ್ಪ ದೋಹಾದ ಹಾಗೇ" ಎಂದಾಗ ಎಲ್ಲರೂ ನಕ್ಕರು. ಇಗರ್ಜಿಯಲ್ಲಿ ಜನ ಹಿಡಿಸದೆ ಸಂತೆಯ ಚೌಕದಲ್ಲಿ ಹಲಗೆಯ ಮೇಲೆ ನಿಂತು ಮಾತಾಡುತ್ತಿದ್ದರಂತೆ. ನನಗೆ ಚೌಕದಲ್ಲಿ ನಿಲ್ಲಲಿಕ್ಕೆ ಪರ್ಮಿಟ್ ಇಲ್ಲ, ಅದಕ್ಕೆ ಈ ಪಾರ್ಕಿಂಗಿನ ಟೆಂಟು ಎಂದರು. ಮತ್ತೆ ನಗು. ಆ ಪೇಟೆಗಳ ದೊಡ್ಡ ಮನೆತನಗಳು ತಲೆಮಾರುಗಳಿಂದ ಕಡಿದಾಡುತ್ತಿದ್ದವು. ಸನ್ಯಾಸಿಯ ಮಾತು ಮುಗಿಯುವಾಗ ಶತ್ರುಗಳು ಜನರ ಎದುರೇ ಒಬ್ಬರನ್ನೊಬ್ಬರು ಅಪ್ಪಿಕೊಂಡು ಶಾಂತಿಯ ಮುದ್ದು ಕೊಡುತ್ತಿದ್ದರಂತೆ.

ಸನ್ಯಾಸಿ ಮುಂದಿನ ಊರಿಗೆ ಹೋದ ಮೇಲೆ ಏನಾಗುತ್ತಿತ್ತು ಎಂದು ನಾನು ಯೋಚಿಸಿದೆ. ಅದನ್ನು ಅವರು ಹೇಳಲಿಲ್ಲ. ಇವರಿಗೂ ಭಾನುವಾರ ವಿಮಾನ ಇತ್ತು.

ಶನಿವಾರದ ಪ್ರವಚನದ ಕೊನೆಗೆ ಅವರು ನಮಗೊಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಈಸ್ಟರಿನ ಒಳಗೆ ಒಂದು ಬಾಗಿಲಿಗೆ ಹೋಗಬೇಕು. ಮಾತು ಬಿಟ್ಟವರ ಬಾಗಿಲಿಗೆ. ಆ ಮಾತನ್ನು ನಾನು ಇದ್ದ ಹಾಗೆ ನೆನಪಿಟ್ಟಿದ್ದೇನೆ: "ತಪ್ಪು ಮಾಡಿದವನು ಹೋಗಬೇಕಾ, ತಪ್ಪಿಗೆ ಒಳಗಾದವನು ಹೋಗಬೇಕಾ ಅಂತ ಕೇಳಬೇಡಿ. ಆ ಚೌಕದಲ್ಲಿ ಯಾರೂ ಅದನ್ನು ಕೇಳಲಿಲ್ಲ. ಯಾರ ಕಾಲು ಮೊದಲು ಎದ್ದಿತೋ ಅವರು ಹೋಗುವುದು."

ಸುತ್ತಲೂ ಹೆಂಗಸರು ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ಗಂಡಸರ ಕಡೆ ತಿರುಗಿ ನೋಡಿದೆ. ನನ್ನ ಗಂಡ ಕೈಗಳನ್ನು ಮಂಡಿಯ ಮೇಲೆ ಇಟ್ಟು, ಫೋಟೋಕ್ಕೆ ಕೂತವರ ಹಾಗೆ ನೇರ ಕೂತಿದ್ದರು.

ಮಧ್ಯಾಹ್ನ ಕುಮ್ಸಾರ್ ಇತ್ತು. ಪಾಪನಿವೇದನೆಗೆ ನಾವು ಮನೆಯಲ್ಲಿ ಹೇಳುವ ಹೆಸರು ಅದು. ಟೆಂಟಿನ ಅಂಚಿನಲ್ಲಿ ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬ ಫಾದರ್, ಎದುರಿನ ಕಂಬಕ್ಕೆ ಭಾಷೆಯ ಹೆಸರು ಬರೆದ ಕಾಗದ. ಕೊಂಕಣಿ, ಇಂಗ್ಲಿಷ್, ಮಲಯಾಳಂ, ತಮಿಳು, ಕೊನೆಯ ಕಂಬಕ್ಕೆ ಫಿಲಿಪೀನೊ. ನಮ್ಮಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಣ್ಣಪುಟ್ಟ ಪಾಪದವರು ನಮ್ಮ ಭಾಷೆಯ ಸಾಲಿನಲ್ಲಿ ನಿಲ್ಲುತ್ತಾರೆ. ಭಾರದ್ದು ಇದ್ದವರು ಬೇರೆ ಭಾಷೆಯ ಸಾಲಿಗೆ ಹೋಗುತ್ತಾರೆ. ಅಲ್ಲಿಯ ಫಾದರಿಗೆ ನಮ್ಮ ಮುಖದ ಗುರುತಿಲ್ಲ, ನಮ್ಮ ಊರು ಗೊತ್ತಿಲ್ಲ, ಹೇಳಿದ್ದು ಅರ್ಧ ಅರ್ಥವಾಗದಿದ್ದರೂ ಕ್ಷಮಾಪಣೆ ಸಿಗುತ್ತದೆ. ಇಂಗ್ಲಿಷ್ ಸಾಲಿಗೆ ಹೋದರೆ ಸ್ವಲ್ಪ ಅನುಮಾನ. ಮಲಯಾಳಂ ಸಾಲಿಗೆ ಹೋದರೆ ಹೆಚ್ಚು. ಹಾಗಾಗಿ ಯಾರು ಎಲ್ಲಿ ನಿಂತರು ಎಂದು ಎಲ್ಲರೂ ನೋಡುತ್ತಾರೆ, ಜಪಮಾಲೆಯ ಮಣಿ ತಿರುಗಿಸುತ್ತಲೇ ನೋಡುತ್ತಾರೆ. ನಾನೂ ನೋಡುತ್ತಿದ್ದೆ.

ನನ್ನ ಗಂಡ ಫಿಲಿಪೀನೊ ಸಾಲಿನಲ್ಲಿ ನಿಂತಿದ್ದರು.

ನನ್ನ ಹಿಂದೆ ನಿಂತಿದ್ದ, ಹಾಡಿನ ತಂಡದ ಗೆಳತಿ ನನ್ನ ಸೊಂಟ ತಿವಿದು, "ನಿನ್ನ ಯಜಮಾನರು ಮನಿಲಾಕ್ಕೆ ಹೊರಟರಲ್ಲ ಮಾರಾಯ್ತಿ" ಎಂದಳು. ನಗಬೇಕಾಯಿತು, ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೇಳಿದೆ. ಕೊಂಕಣಿಯದ್ದು ಉದ್ದ ಇತ್ತು ಎಂದರು. ಅದು ನಿಜ, ಉದ್ದ ಇತ್ತು. ಆದರೆ ಇಂಗ್ಲಿಷ್ ಸಾಲಿನಲ್ಲಿ ನಾಲ್ಕೇ ಜನ ಇದ್ದದ್ದನ್ನು ನಾನು ಎಣಿಸಿದ್ದೆ.

ಭಾನುವಾರ ಅವರು ಒಂದೂವರೆ ಗಂಟೆ ತಡವಾಗಿ ಬಂದರು. ಆಫೀಸಿನಲ್ಲಿ ಕೆಲಸ ಎಂದರು. ಸೋಮವಾರವೂ ತಡ. ಚಹಾಕ್ಕೆ ಸಕ್ಕರೆ ಬೇಡ ಎಂದರು. ತಪಸ್ಸುಕಾಲಕ್ಕೆ ಬಿಟ್ಟೆ ಎಂದರು. ಇಷ್ಟು ವರ್ಷ ನಾನು ಹೇಳಿದರೂ ಬಿಡದ್ದನ್ನು ಯಾರೋ ಒಂದು ಮಾತು ಹೇಳಿದ್ದಕ್ಕೆ ಬಿಟ್ಟರಲ್ಲ ಎಂದು ನನಗೆ ಸಿಟ್ಟು ಬಂತು. ಮಂಗಳವಾರ ನಾಲ್ಕೂವರೆಗೆ ಅವರ ಆಫೀಸಿನ ನಂಬರಿಗೆ ಫೋನ್ ಮಾಡಿದೆ. ಸರ್ ನಾಲ್ಕಕ್ಕೇ ಹೊರಟರು, ನಿನ್ನೆಯೂ ಅಷ್ಟೇ ಎಂದು ಅಲ್ಲಿಯವರು ಹೇಳಿದರು. ಆ ಸಂಜೆ ಅವರ ಶರ್ಟಿನ ಕೈಗೆ ಕರಕ್ ಚಹಾದ, ಇಲ್ಲಿಯ ಅಂಗಡಿಗಳ ಗಟ್ಟಿ ಹಾಲಿನ ಚಹಾದ, ಕಲೆ ಇತ್ತು. ಸಕ್ಕರೆ ಇಲ್ಲದ ಕರಕ್ ಚಹಾ ದೋಹಾದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಮನೆಯಲ್ಲಿ ಬಿಟ್ಟ ಸಕ್ಕರೆಯನ್ನು ಇನ್ನೆಲ್ಲೋ, ಇನ್ನಾರೊಂದಿಗೋ ಕುಡಿಯುತ್ತಿದ್ದಾರೆ ಎಂದು ನಾನು ಕಲೆಗೆ ಸೋಪು ತಿಕ್ಕುತ್ತಾ ಲೆಕ್ಕ ಹಾಕಿದೆ.

ಎದುರು ನಿಂತು ಕೇಳುವುದು ನನ್ನ ಸ್ವಭಾವವಲ್ಲ. ಬೇರೆ ಭಾಷೆಯ ಸಾಲು, ತಡವಾಗಿ ಬರುವುದು, ಚಹಾದ ಕಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಯಾವ ಹೆಂಗಸಿಗೂ ಹೊಳೆಯುವುದೇ ನನಗೂ ಹೊಳೆಯಿತು.

ಎರಡನೆಯ ವಾರದ ಸೋಮವಾರ ನಾನು ಶಾಲೆಯಿಂದ ನೇರ ಮುಶೈರಿಬ್‌ಗೆ ಹೋಗಿ ಅವರ ಆಫೀಸಿನ ಎದುರಿನ ಕಾಫಿ ಅಂಗಡಿಯಲ್ಲಿ ಕೂತೆ. ನಾಲ್ಕು ಗಂಟೆಗೆ ಅವರು ಹೊರಬಂದು ಬಸ್ಸು ಹತ್ತಿದರು. ನಮ್ಮ ಮನೆಯ ಬಸ್ಸಲ್ಲ. ಟ್ಯಾಕ್ಸಿ ಹಿಡಿದು ಆ ಬಸ್ಸಿನ ಹಿಂದೆ ಹೋಗಿ ಎಂದೆ. ಡ್ರೈವರ್ ಮಲಯಾಳಿ, ವಯಸ್ಸಾದವರು. "ಚೇಚಿ, ಬಸ್ಸಿನಲ್ಲಿ ಪರ್ಸ್ ಬಿಟ್ಟಿರೋ, ಗಂಡನನ್ನೋ?" ಎಂದು ಹಿಂದಿಯಲ್ಲಿ ಕೇಳಿದರು. ಪರ್ಸ್ ಎಂದೆ. ಅವರು ಕನ್ನಡಿಯಲ್ಲಿ ನನ್ನ ಮಡಿಲಿನ ಪರ್ಸ್ ನೋಡಿ ಬಸ್ಸಿನ ಹಿಂದೆ ಕಾರು ತಿರುಗಿಸಿದರು.

ಬಿನ್ ಒಮ್ರಾನ್‌ನಲ್ಲಿ ನನ್ನ ಗಂಡ ಇಳಿದರು. ಒಂದು ಲಾಂಡ್ರಿ, ಅದರ ಪಕ್ಕ ಚಹಾದ ಕಿಟಕಿ. ಅಲ್ಲಿ ಕಾಗದದ ಕಪ್ಪಿನಲ್ಲಿ ಚಹಾ ತೆಗೆದುಕೊಂಡು, ಎದುರಿನ ಐದು ಮಾಳಿಗೆಯ ಕಟ್ಟಡವನ್ನು ನೋಡುತ್ತಾ ನಿಂತರು. ಯಾರೂ ಇಳಿದು ಬರಲಿಲ್ಲ. ಇವರೂ ಹತ್ತಿ ಹೋಗಲಿಲ್ಲ. ಒಮ್ಮೆ ರಸ್ತೆ ದಾಟಿ ಕಟ್ಟಡದ ಗಾಜಿನ ಬಾಗಿಲಿನವರೆಗೆ ಹೋದರು, ಅಲ್ಲಿಂದ ವಾಪಸ್ ಬಂದು ಇನ್ನೊಂದು ಚಹಾ ತೆಗೆದುಕೊಂಡರು. ಸಂಜೆಯ ಬಾಂಗ್ ಆಯಿತು. ಲಾಂಡ್ರಿಯವನು ಶಟರ್ ಅರ್ಧ ಎಳೆದು ನಮಾಜಿಗೆ ಹೋದ. ಇವರು ಬಸ್ಸು ನಿಲ್ದಾಣಕ್ಕೆ ನಡೆದರು. ನಾನು ಟ್ಯಾಕ್ಸಿಯಿಂದ ಆ ಕಟ್ಟಡದ ನೀಲಿ ಫಲಕ ಓದಿದೆ. ಇಲ್ಲಿ ಪ್ರತಿ ಕಟ್ಟಡದ ಗೋಡೆಗೂ ವಲಯ, ರಸ್ತೆ, ಕಟ್ಟಡ ಎಂದು ಮೂರು ಸಂಖ್ಯೆಗಳ ನೀಲಿ ಫಲಕ ಇರುತ್ತದೆ. ಗುಮಾಸ್ತೆಯ ಕಣ್ಣು, ಮೂರೂ ನೆನಪಿನಲ್ಲಿ ಉಳಿದವು. ಒಳಗಿರುವವಳು ಯಾರೆಂದು ಒಂದು ದಿನ ತಿಳಿದುಕೊಳ್ಳುತ್ತೇನೆ ಎಂದುಕೊಂಡೆ.

ಆ ಸಂಜೆಯಿಂದ ನಾನು ಅವರ ಹತ್ತಿರ ಮಾತು ಕಡಿಮೆ ಮಾಡಿದೆ. ಊಟ ಬಡಿಸುತ್ತಿದ್ದೆ, ಹೂಂ ಎನ್ನುತ್ತಿದ್ದೆ, ಅಷ್ಟೆ. ಬುಧವಾರ ಅವರು ಇನ್ನೂ ತಡವಾಗಿ ಬಂದರು. ಮುಖ ಬಾಡಿತ್ತು. ಶೂ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದರು.

"ಅಣ್ಣನ ನಂಬರ್ ಉಂಟಾ ನಿನ್ನ ಹತ್ರ?"

"ಈಗ ಎಂತಕ್ಕೆ?"

"ಸುಮ್ಮನೆ."

ಮಾತು ಬೇರೆ ಕಡೆ ತಿರುಗಿಸುತ್ತಿದ್ದಾರೆ ಎಂದು ನನಗೆ ಅನಿಸಿತು. ಹೆಂಡತಿಗೆ ಗೊತ್ತಾಗಿದೆ ಎಂದು ಹೆದರಿದ ಗಂಡಸರು ಹೆಂಡತಿಯ ತವರಿನ ಸುದ್ದಿ ತೆಗೆಯುತ್ತಾರೆ. ಇಲ್ಲ, ಅಳಿಸಿ ಹಾಕಿದ್ದೇನೆ ಎಂದೆ. ಅಳಿಸಿರಲಿಲ್ಲ. ಅವರು ಸರಿ ಎಂದರು. ಮರುದಿನ, ಗುರುವಾರ, ಆ ವಾರದ ಐದನೆಯ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೋದರು. ಹತ್ತೂವರೆಗೆ ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಹೃದಯ ನಿಂತಿತ್ತು. ಐವತ್ತಮೂರು ವರ್ಷ.

ಆಸ್ಪತ್ರೆಗೆ ನಾನು ಮುಟ್ಟುವ ಮೊದಲೇ ಅಣ್ಣ ಅಲ್ಲಿದ್ದ. ವಾಟ್ಸಾಪಿನಲ್ಲಿ ಸುದ್ದಿ ಬಂತು ಎಂದ. ಏಳು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಂದಿನ ಎಲ್ಲವನ್ನೂ ಅವನೇ ಮಾಡಿದ. ಶವಾಗಾರ, ಪೊಲೀಸ್ ಕಾಗದ, ಪಾಸ್‌ಪೋರ್ಟ್ ರದ್ದು, ಊರಿಗೆ ಕಳಿಸುವ ವಿಮಾನ. ಪ್ರತಿ ಕೌಂಟರಿನಲ್ಲಿ ಬುಕ್ರಾ, ನಾಳೆ, ಎನ್ನುತ್ತಿದ್ದರು. ಅವನು ಕದಲದೆ ನಿಂತು ಅದೇ ದಿನ ಮಾಡಿಸಿಕೊಳ್ಳುತ್ತಿದ್ದ. ಒಂದು ಫಾರ್ಮಿನಲ್ಲಿ ಶವದ ಜೊತೆ ಪ್ರಯಾಣ ಮಾಡುವವರ ವಿಳಾಸ ಬರೆಯಬೇಕಿತ್ತು. ಅವನು ತನ್ನದನ್ನು ಬರೆದ. ಸಹಿ ಹಾಕಲು ನನ್ನ ಕಡೆ ತಳ್ಳಿದ.

ವಲಯ, ರಸ್ತೆ, ಕಟ್ಟಡ. ಮೂರೂ ಸಂಖ್ಯೆಗಳು ನನಗೆ ಗೊತ್ತಿದ್ದವು.

ಸಹಿ ಹಾಕಿದೆ. ಒಳಗೆ ಯಾವ ಹೆಂಗಸೂ ಇರಲಿಲ್ಲ ಎಂದು ಗೊತ್ತಾದ ಕ್ಷಣಕ್ಕೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅನುಮಾನ ಗಂಡನಿಂದ ಇಳಿದು ಅಣ್ಣನ ಮೇಲೆ ಹೋಗಿ ಕೂತಿತು. ಎಂಟು ದಿನ ಕೆಳಗೆ ನಿಂತವರು ಬುಧವಾರ ಅಷ್ಟು ತಡವಾಗಿ ಯಾಕೆ ಬಂದರು? ಮೇಲೆ ಹತ್ತಿದರೇ? ಹತ್ತಿದ್ದರೆ ಇವನು ಏನು ಹೇಳಿ ಕಳಿಸಿದ? ವಿಮಾನದಲ್ಲಿ ನಾಲ್ಕು ಗಂಟೆ ನನ್ನ ಪಕ್ಕವೇ ಕೂತಿದ್ದ, ಒಂದು ಮಾತು ಹೇಳಲಿಲ್ಲ. ಊರಿನಲ್ಲಿ ಸಮಾಧಿಗೆ ಎಲ್ಲರೂ ಒಂದು ಹಿಡಿ ಮಣ್ಣು ಹಾಕಿದರೆ ಅವನು ಮೂರು ಹಿಡಿ ಹಾಕಿದ. ಅದನ್ನೂ ನಾನು ಸಂಶಯದಿಂದಲೇ ನೋಡಿದೆ.

ತಿಂಗಳು ಕಳೆದು ದೋಹಾಕ್ಕೆ ಮರಳಿದೆ. ನನ್ನ ವೀಸಾ ನನ್ನ ಕೆಲಸದ್ದು, ಕೆಲಸ ಇತ್ತು. ಅಣ್ಣ ಶುಕ್ರವಾರಗಳಲ್ಲಿ ಫೋನ್ ಮಾಡಿ ಅಕ್ಕಿ ಉಂಟಾ, ಗ್ಯಾಸ್ ಉಂಟಾ ಎಂದು ಕೇಳುತ್ತಿದ್ದ. ಉಂಟು ಎನ್ನುತ್ತಿದ್ದೆ. ಹೀಗೆ ಒಂದು ವರ್ಷ.

ಈ ವರ್ಷದ ತಪಸ್ಸುಕಾಲ ಬಂದಾಗ ನಾನು ಮೊದಲು ಫಿಲಿಪೀನೊ ಫಾದರ್ ಹತ್ತಿರ ಹೋದೆ. ಅವರು ನನ್ನ ಗಂಡನಿಗೆ ಏನೋ ದೊಡ್ಡ ಪ್ರಾಯಶ್ಚಿತ್ತ ವಿಧಿಸಿರಬೇಕು, ಅದನ್ನು ತೀರಿಸಲು ಹೋಗಿ ಹೃದಯ ಸೋತಿತು ಎಂಬ ಯೋಚನೆ ನನಗೆ ವರ್ಷವಿಡೀ ಇತ್ತು. ಫೋಟೋ ತೋರಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಫೋಟೋ ನೋಡಲಿಲ್ಲ. ನೆನಪಿದ್ದರೂ ಹೇಳುವಂತಿಲ್ಲ, ನೀವು ಕೇಳುವಂತೆಯೂ ಇಲ್ಲ ಎಂದರು. ಒರಟಾಗಿ ಅಲ್ಲ. ನಾನು ಎದ್ದು ಹೊರಟಾಗ ಸಾಮಾನ್ಯವಾದ ಒಂದು ವಿಷಯ ಹೇಳುತ್ತೇನೆ ಎಂದರು. ತಮ್ಮ ಸಾಲಿಗೆ ಅನೇಕರು ತಮಗೆ ತಿಳಿಯದ ಭಾಷೆಯಲ್ಲಿ ಹೇಳಿ ಹೋಗುತ್ತಾರೆ. ಹೇಳುವವರು ಬೇಕೆಂದೇ ಹಾಗೆ ಹೇಳುತ್ತಾರೆ ಎಂದು ತಮಗೂ ಗೊತ್ತು. ಅಂಥವರಿಗೆಲ್ಲ ಪ್ರಾಯಶ್ಚಿತ್ತ ಒಂದೇ. ಕರ್ತರ ಪ್ರಾರ್ಥನೆ ಒಂದು ಸಲ.

ಒಂದು ಸಲ. ಅದಕ್ಕೆ ಒಂದು ನಿಮಿಷವೂ ಬೇಡ.

ಆ ಸಾಲಿನಲ್ಲಿ ನನ್ನ ಗಂಡ ಏನನ್ನು ಹೇಳಿದ್ದರೂ, ಬಿನ್ ಒಮ್ರಾನ್‌ನ ಚಹಾದ ಕಿಟಕಿಯ ಮುಂದೆ ನಿಲ್ಲಲು ಅವರಿಗೆ ಆ ಫಾದರ್ ಹೇಳಿರಲಿಲ್ಲ. ಹಾಗಾದರೆ ಅದು ಪ್ರವಚನದ ಫಾದರ್ ಕೊಟ್ಟ ಕೆಲಸ. ಈ ವರ್ಷವೂ ಅವರೇ ಬಂದಿದ್ದರು, ಅದೇ ಚಕ್ರದ ಬ್ಯಾಗು, ಅದೇ ಹಗ್ಗ. ಎರಡನೆಯ ದಿನ ಮತ್ತೆ ಅದೇ ಬಾಗಿಲಿನ ಮಾತು ಬಂತು. ಮುಗಿದ ಮೇಲೆ ಟೆಂಟಿನ ಹಿಂದೆ ನೀರು ಕುಡಿಯುತ್ತಿದ್ದವರನ್ನು ಹಿಡಿದು, ಆ ಪೇಟೆಗಳಲ್ಲಿ ಸನ್ಯಾಸಿ ಹೋದ ಮೇಲೆ ಏನಾಯಿತು ಎಂದು ಕೇಳಿದೆ. ಯಾರೂ ಅದನ್ನು ಕೇಳಿರಲಿಲ್ಲವೋ ಏನೋ, ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು.

"ಹೆಚ್ಚಿನ ಕಡೆ ಮತ್ತೆ ಜಗಳ ಶುರುವಾಯಿತು. ಕೆಲವು ಕಡೆ ವರ್ಷದೊಳಗೇ."

"ಅದನ್ನು ನೀವು ಹೇಳುವುದಿಲ್ಲ."

"ಹೇಳಿದರೆ ಯಾರೂ ಹೋಗುವುದಿಲ್ಲ ಅಮ್ಮ."

ನನ್ನ ಗಂಡ ಹೋಗಿದ್ದರು ಎಂದೆ. ಅವರಿಗೆ ಒಮ್ಮೆಲೇ ಸಂತೋಷವಾಯಿತು, ಆಮೇಲೆ ಏನಾಯಿತು ಎಂದು ಕೇಳಿದರು. ಅದನ್ನೇ ತಿಳಿಯಲು ಹೊರಟಿದ್ದೇನೆ ಎಂದೆ. ವಿಮಾನ ಯಾವಾಗ ಎಂದು ನಾನು ಕೇಳಿದೆ. ನಾಳೆ ಬೆಳಿಗ್ಗೆ ಎಂದರು. ಅದಕ್ಕೆ ಅವರು ನಾಚಿಕೊಂಡ ಹಾಗೆ ಕಂಡಿತು. ಆಗ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ಮರುದಿನ ಸಂಜೆ ಬಿನ್ ಒಮ್ರಾನ್‌ಗೆ ಹೋದೆ. ಚಹಾದ ಕಿಟಕಿಯ ಮುಂದೆ ಎರಡು ನಿಮಿಷ ನಿಂತೆ. ಮೇಲೆ ನೋಡಿದರೆ ಮೂರನೆಯ ಮಾಳಿಗೆಯ ಕಿಟಕಿಯಲ್ಲಿ ನಮ್ಮೂರಿನ ಹಾಗೆ ಒಂದು ನಕ್ಷತ್ರದ ಗೂಡುದೀಪ, ಕ್ರಿಸ್ಮಸ್ಸಿನದ್ದು, ಇನ್ನೂ ತೆಗೆಯದೆ ಇತ್ತು. ಅತ್ತಿಗೆಯ ಅಭ್ಯಾಸ ಅದು. ನನ್ನ ಗಂಡನಿಗೂ ಅದು ಕಂಡಿರಬೇಕು. ಕಟ್ಟಡ ಯಾವುದೆಂದು ಇಗರ್ಜಿಯವರಲ್ಲಿ ಯಾರನ್ನೋ ಕೇಳಿರಬೇಕು, ಯಾವ ಮನೆ ಎಂದು ಅವರಿಗೆ ಹುಡುಕಬೇಕಾಗಿರಲಿಲ್ಲ.

ಬಾಗಿಲು ತೆರೆದದ್ದು ಅತ್ತಿಗೆ. ಎಂಟು ವರ್ಷದ ಮೇಲೆ ಅವಳ ಮನೆಯಲ್ಲಿ ಕೂತೆ. ಅಣ್ಣ ಟಿವಿ ಆರಿಸಿದ. ಅವರು ಇಲ್ಲಿಗೆ ಬರುತ್ತಿದ್ದದ್ದು ನಿನಗೆ ಗೊತ್ತಿತ್ತಾ ಎಂದು ನೇರ ಕೇಳಿದೆ. ಅಣ್ಣ ಗೊತ್ತಿತ್ತು ಎಂದ. ಮೂರನೆಯ ದಿನವೇ ಕಿಟಕಿಯಿಂದ ನೋಡಿದ್ದನಂತೆ. ಅವನಿಗೂ ಸಂಶಯವೇ. ಕಂಪನಿಯ ಹಳೆಯ ವಿಷಯಕ್ಕೆ ಏನೋ ಕಾಗದ ತಂದಿರಬೇಕು ಎಂದು ಒಂದು ದಿನ, ನಾನು ಕಳಿಸಿರಬೇಕು ಎಂದು ಇನ್ನೊಂದು ದಿನ. ಮೇಲೆ ಬರಲಿ, ಬಂದರೆ ನೋಡುವ ಎಂದುಕೊಂಡನಂತೆ. ಮೇಲೆ ಬರಲೇ ಇಲ್ಲ ಎಂದ.

ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಟ್ರೇಯ ಮೇಲಿನ ಕಪ್ಪುಗಳನ್ನು ಅತ್ತಿತ್ತ ಸರಿಸುತ್ತಿದ್ದಳು.

"ಬೆಲ್ ಆಗಿತ್ತಲ್ಲ" ಎಂದಳು, ಕಪ್ಪುಗಳಿಗೆ ಹೇಳುವ ಹಾಗೆ.

"ಅದು ನೀರಿನ ಕ್ಯಾನಿನವನು."

"ನೀರಿನವನು ಬರುವುದು ಶನಿವಾರ. ಆ ದಿನ ಬುಧವಾರ. ನೀವು ಬಾಗಿಲಿನ ಕಣ್ಣಲ್ಲಿ ನೋಡಿ ನನಗೆ ಬಾಯಿಗೆ ಬೆರಳಿಟ್ಟು ತೋರಿಸಿದ್ರಿ. ನಾನು ಒಗ್ಗರಣೆಯ ಒಲೆ ಆರಿಸಿದೆ. ಸೀಯುವ ವಾಸನೆ ಹೊರಗೆ ಹೋಗಬಾರದು ಅಂತ." ಅವಳ ಕಣ್ಣು ತುಂಬಿತ್ತು. "ಒಂದೇ ಸಲ ಬೆಲ್ ಮಾಡಿದ್ದು. ತುಂಬ ಹೊತ್ತು ನಿಂತರು. ಆಮೇಲೆ ಲಿಫ್ಟ್ ಇಳಿದದ್ದು ಕೇಳಿಸಿತು."

ಅಣ್ಣ ಗೋಡೆ ನೋಡುತ್ತಿದ್ದ. ಎಂಟು ದಿನ ಆ ಗಾಜಿನ ಬಾಗಿಲು ದಾಟಲಾಗದವರು ಒಂಬತ್ತನೆಯ ದಿನ ದಾಟಿ, ಮೂರು ಮಾಳಿಗೆ ಹತ್ತಿ, ಬೆಲ್ ಒತ್ತಿದ್ದರು. ಅಲ್ಲಿಂದ ಮನೆಗೆ ಬಂದು ನನ್ನ ಹತ್ತಿರ ನಂಬರ್ ಕೇಳಿದ್ದರು. ಬಾಗಿಲು ತೆರೆಯದವರು ಫೋನಾದರೂ ಎತ್ತಬಹುದು ಎಂದಿರಬೇಕು. ನಾನು ಅಳಿಸಿ ಹಾಕಿದ್ದೇನೆ ಎಂದು ಹೇಳಿದ್ದೆ. ಅದನ್ನು ಆ ಸಂಜೆ ಅಣ್ಣನಿಗೂ ಅತ್ತಿಗೆಗೂ ಹೇಳಿದೆ. ಅವನನ್ನು ಮಾತ್ರ ತಪ್ಪುಗಾರನಾಗಿ ಕೂರಿಸಿ ಬರುವುದು ಸರಿ ಕಾಣಲಿಲ್ಲ.

ಅಣ್ಣ ಕೈಯಲ್ಲಿದ್ದ ಟಿವಿಯ ರಿಮೋಟನ್ನು ಮೇಜಿನ ಮೇಲಿಟ್ಟ. "ಕ್ಷಮೆ ಕೇಳ್ಲಿಕ್ಕೆ ಬಂದದ್ದು ಅಂತ ಗೊತ್ತಿದ್ದರೆ ತೆರೀತಿದ್ದೆ."

"ಕ್ಷಮೆ ಕೇಳ್ಲಿಕ್ಕೇ ಬಂದದ್ದು ಅಂತ ನಿಂಗೆ ಯಾರು ಹೇಳಿದ್ದು?"

"ಮತ್ತೆ ಎಂತಕ್ಕೆ ಬರ್ತಾನೆ?"

"ನಿನ್ನನ್ನು ಕ್ಷಮಿಸ್ಲಿಕ್ಕೆ ಇರಬಹುದು. ಏಳು ವರ್ಷ ಸುಳ್ಳು ಸಂಶಯ ಮಾಡಿದ್ದಕ್ಕೆ."

ಅವನಿಗೆ ಅದು ಎಂದೂ ಹೊಳೆದಿರಲಿಲ್ಲ. ನಾನು ಹಾಗೆ ಹೇಳಿದ್ದು ಗಂಡನ ಪರ ವಹಿಸಲು. ಹೇಳಿದ ಮೇಲೆ ನನಗೇ ಅದರಲ್ಲಿ ನಂಬಿಕೆ ಬರಲಿಲ್ಲ. ಸುಳ್ಳು ಸಂಶಯ ಎದುರಿಸಿದವರು ಫಿಲಿಪೀನೊ ಸಾಲಿನಲ್ಲಿ ಯಾಕೆ ನಿಲ್ಲಬೇಕು? ಆದರೆ ತಪ್ಪು ಮಾಡಿದವರು ನಮ್ಮ ಜನರೆಲ್ಲ ನೋಡುವ ಕಡೆ, ಎಲ್ಲರಿಗೂ ಅರ್ಥ ಗೊತ್ತಿರುವ ಸಾಲಿನಲ್ಲಿ, ಬೇಕೆಂದು ಹೋಗಿ ನಿಲ್ಲುತ್ತಾರೆಯೇ? ಎರಡೂ ಕಡೆಗೆ ನಾನು ಸಾಕ್ಷಿ ಹುಡುಕಬಲ್ಲೆ. ಈಗಲೂ ಹುಡುಕುತ್ತೇನೆ. ಬಾಗಿಲಿಗೆ ಹೋಗುವವರು ಯಾವುದಕ್ಕೆ ಹೋಗುತ್ತಿದ್ದೇವೆ ಎಂದು ಹೇಳಬೇಕಾಗಿಲ್ಲ ಎಂದು ಪ್ರವಚನದ ಫಾದರ್ ಸುಲಭ ಮಾಡಿಕೊಟ್ಟಿದ್ದರು. ಅದರಿಂದ ನನ್ನ ಗಂಡನಿಗೆ ಲಿಫ್ಟ್ ಹತ್ತುವುದು ಸಾಧ್ಯವಾಯಿತೋ ಏನೋ. ನನಗೆ ಅದೇ ಕಷ್ಟವಾಗಿದೆ.

ಅಣ್ಣ ನನ್ನನ್ನು ಕಾರಿನಲ್ಲಿ ಮನೆಯವರೆಗೆ ಬಿಟ್ಟ. ದಾರಿಯಲ್ಲಿ ಅವನು ಅತ್ತ. ನಾನು ಅವನ ಬೆನ್ನು ಮುಟ್ಟಿದೆ. ಈಗ ಅಣ್ಣನ ಮನೆಯವರೂ ಸಂಜೆಯ ಪೂಜೆಗೆ ಬರುತ್ತಾರೆ, ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಮೇಲಿನ ಮನೆಯ ಎಸಿಯ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಅವರ ಶರ್ಟುಗಳನ್ನು ನಾನು ಯಾರಿಗೂ ಕೊಟ್ಟಿಲ್ಲ.

ಅಣ್ಣನ ಹೆಸರು ಆ ಪಟ್ಟಿಯಲ್ಲಿ ಇದ್ದದ್ದು ನನ್ನ ಗಂಡನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.